ಆಟಕ್ಕುಂಟು, ಲೆಕ್ಕಕ್ಕಿಲ್ಲ

ಗಾಲ್ಫ್ ಬಗ್ಗೆ ಕನ್ನಡದಲ್ಲಿ ಬರೆಯುವವರು ಮೊದಲು ಒಂದಿಷ್ಟು ಸಂಕೋಚಪಟ್ಟುಕೊಂಡು ಆಮೇಲೆ ವಿಷಯಕ್ಕೆ ಬರಬೇಕು ಎಂಬ ರೂಢಿ ಇದ್ದಂತಿದೆ. ಸಾಹುಕಾರರ ಆಟ, ಊರ ನಡುವೆ ಎಕರೆಗಟ್ಟಲೆ ಜಾಗ ನುಂಗಿದ ಆಟ, ಜನಕ್ಕೆ ಕುಡಿಯಲು ನೀರಿಲ್ಲದಾಗ ಹುಲ್ಲಿಗೆ ನೀರುಣಿಸುವ ಆಟ. ಈ ದೂರುಗಳಲ್ಲಿ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಬೇಲಿಯೊಳಗೆ ಜಾಗ, ನೀರಿನ ಜೊತೆಗೆ ಸದ್ದಿಲ್ಲದೆ ಕೂಡಿಹಾಕಿರುವ ಇನ್ನೊಂದು ವಸ್ತುವಿದೆ. ಅದೊಂದು ಸಂಖ್ಯೆ. ಹೆಸರು ಹ್ಯಾಂಡಿಕ್ಯಾಪ್. ಅದನ್ನು ಬೇಲಿಯಾಚೆ ತರಬೇಕು ಎಂಬುದಷ್ಟೇ ನನ್ನ ತಕರಾರು.

ಆ ಪದ ಕೇಳಿದರೆ ನಮಗೆ ಮೊದಲು ಹೊಳೆಯುವುದು ಊನ, ಕೊರತೆ ಎಂಬ ಅರ್ಥ. ಮೂಲದಲ್ಲಿ ಹಾಗಿರಲಿಲ್ಲ. ‘ಹ್ಯಾಂಡ್ ಇನ್ ಕ್ಯಾಪ್’, ಅಂದರೆ ಟೋಪಿಯೊಳಗೆ ಕೈ, ಎಂಬುದು 17ನೇ ಶತಮಾನದ ಇಂಗ್ಲೆಂಡಿನಲ್ಲಿ ವಸ್ತು ಅದಲುಬದಲು ಮಾಡಿಕೊಳ್ಳುವವರ ಒಂದು ಆಟ. ಒಬ್ಬನ ಹತ್ತಿರ ಗಡಿಯಾರ, ಇನ್ನೊಬ್ಬನ ಹತ್ತಿರ ಕೋಟು. ಎರಡರ ಬೆಲೆ ಒಂದೇ ಅಲ್ಲ. ಮೂರನೆಯವನೊಬ್ಬ ನಡುವೆ ಕೂತು, ಕಡಿಮೆ ಬೆಲೆಯದನ್ನು ಕೊಡುವವನು ಮೇಲೆ ಎಷ್ಟು ಸೇರಿಸಬೇಕು ಎಂದು ಹೇಳುತ್ತಾನೆ. ಪದ ಅಲ್ಲಿಂದ ಕುದುರೆ ಪಂದ್ಯಕ್ಕೆ ಹೋಯಿತು, 19ನೇ ಶತಮಾನದಲ್ಲಿ ಗಾಲ್ಫಿಗೆ ಬಂತು. ಸಮಾನರಲ್ಲದ ಇಬ್ಬರ ನಡುವೆ ಮೋಸವಿಲ್ಲದ ವ್ಯವಹಾರ ನಡೆಯಬೇಕು ಎಂಬ ಆಸೆಯಲ್ಲೇ ಈ ಪದ ಹುಟ್ಟಿದೆ.

ಗಾಲ್ಫಿನಲ್ಲಿ ಆಲೋಚನೆ ಪದಕ್ಕಿಂತ ಹಳೆಯದು. ನಾನು ಪಿಎಚ್.ಡಿ. ಮಾಡುತ್ತಿರುವ ಎಡಿನ್‌ಬರೋದಲ್ಲೇ ಥಾಮಸ್ ಕಿಂಕೇಡ್ ಎಂಬ ವೈದ್ಯಕೀಯ ವಿದ್ಯಾರ್ಥಿ 1687ರಲ್ಲಿ ಒಂದು ಡೈರಿ ಬರೆದಿಟ್ಟಿದ್ದಾನೆ. ಹೇಗೆ ನಿಲ್ಲಬೇಕು, ಹೇಗೆ ಕೋಲು ಬೀಸಬೇಕು ಎಂಬುದರ ಜೊತೆಗೆ, ಸೋಲುವ ಆಟಗಾರನಿಗೆ ಕುಳಿಗಳ ಲೆಕ್ಕದಲ್ಲಿ ರಿಯಾಯಿತಿ ಕೊಡುವುದು ಮೇಲೋ, ಪಣದ ಹಣದಲ್ಲಿ ಕೊಡುವುದು ಮೇಲೋ ಎಂದು ಅದರಲ್ಲಿ ತಲೆಕೆಡಿಸಿಕೊಂಡಿದ್ದಾನೆ. (ಓದುವುದು ಬಿಟ್ಟು ಇಂಥದ್ದರಲ್ಲಿ ಮುಳುಗುವ ವಿದ್ಯಾರ್ಥಿಗಳು ಎಲ್ಲ ಕಾಲದಲ್ಲೂ ಇದ್ದರು ಎಂಬುದು ನನಗೆ ದೊಡ್ಡ ಸಮಾಧಾನ.)

ಬಹುಕಾಲ ಈ ರಿಯಾಯಿತಿ ಗೆಳೆಯರ ನಡುವಿನ ಬಾಯಿಮಾತು, ಇಲ್ಲವೇ ಒಂದೊಂದು ಕ್ಲಬ್ಬಿನ ಸ್ವಂತ ಕಟ್ಟಳೆ. ಒಂದೂರಿನ ಹತ್ತು ಇನ್ನೊಂದೂರಿನಲ್ಲಿ ಹದಿನೈದಾಗುತ್ತಿತ್ತು. ಬ್ರಿಟನ್ನಿನಲ್ಲಿ ದೇಶಕ್ಕೆಲ್ಲ ಒಂದೇ ಅಳತೆ ಬೇಕೆಂದು ಹಟ ಹಿಡಿದು ಮೊದಲು ಸಾಧಿಸಿದ್ದು ಗಂಡಸರ ಕ್ಲಬ್ಬುಗಳಲ್ಲ. 1893ರಲ್ಲಿ ಹುಟ್ಟಿದ ಲೇಡೀಸ್ ಗಾಲ್ಫ್ ಯೂನಿಯನ್, ಅದರ ಕಾರ್ಯದರ್ಶಿ ಇಸೆಟ್ ಪಿಯರ್ಸನ್. ಎಷ್ಟೋ ಕ್ಲಬ್ಬುಗಳು ಪೂರ್ಣ ಸದಸ್ಯರೆಂದು ಒಪ್ಪದ ಹೆಂಗಸರು ಕೂತು ಮಾಡಿದ ಲೆಕ್ಕ ಅದು. ಗಂಡಸರ ಆಟಕ್ಕೆ ಅಂಥ ವ್ಯವಸ್ಥೆ ಬರಲು ಮತ್ತೂ ಬಹಳ ವರ್ಷ ಬೇಕಾಯಿತು. ಹ್ಯಾಂಡಿಕ್ಯಾಪ್ ಕ್ಲಬ್ಬುಗಳ ಪಿತ್ರಾರ್ಜಿತ ಆಸ್ತಿ ಎಂಬಂತೆ ಮಾತಾಡುವವರಿಗೆ ನಾನು ಮೊದಲು ನೆನಪಿಸುವುದು ಇದನ್ನೇ.

ಈಗ ಲೆಕ್ಕ ಹೀಗಿದೆ. ಗಾಲ್ಫಿನಲ್ಲಿ 18 ಕುಳಿಗಳನ್ನು ಎಷ್ಟು ಕಡಿಮೆ ಹೊಡೆತಗಳಲ್ಲಿ ಮುಗಿಸುತ್ತೀರೋ ಅಷ್ಟು ಒಳ್ಳೆಯದು. ಜಗತ್ತಿನಲ್ಲಿದ್ದ ಆರು ಬೇರೆ ಬೇರೆ ಪದ್ಧತಿಗಳನ್ನು ಸೇರಿಸಿ 2020ರಲ್ಲಿ ಒಂದೇ ವಿಶ್ವ ಪದ್ಧತಿ ಮಾಡಿದರು. ಪ್ರತಿ ಮೈದಾನಕ್ಕೂ ಎರಡು ಸಂಖ್ಯೆ: ನುರಿತ ಆಟಗಾರನಿಗೆ ಅದು ಎಷ್ಟು ಕಷ್ಟ ಎನ್ನುವ ಕೋರ್ಸ್ ರೇಟಿಂಗ್, ಸಾಧಾರಣ ಆಟಗಾರನಿಗೆ ಅದು ಎಷ್ಟು ಹೆಚ್ಚು ಕಷ್ಟ ಎನ್ನುವ ಸ್ಲೋಪ್. ಸ್ಲೋಪ್ 55ರಿಂದ 155ರವರೆಗೆ ಇರಬಹುದು, ನಡುವಿನ ಮಾನದಂಡ 113. ಒಂದು ಮೈದಾನದ ರೇಟಿಂಗ್ 71.2, ಸ್ಲೋಪ್ 125 ಎಂದುಕೊಳ್ಳಿ. ನೀವು 95 ಹೊಡೆತಗಳಲ್ಲಿ ಮುಗಿಸಿದಿರಿ. 95ರಲ್ಲಿ 71.2 ಕಳೆದರೆ 23.8. ಅದನ್ನು 113ರಿಂದ ಗುಣಿಸಿ 125ರಿಂದ ಭಾಗಿಸಿದರೆ 21.5. ಅದು ಆ ದಿನದ ನಿಮ್ಮ ಅಂಕ. ಇಂಥ ಕೊನೆಯ 20 ಆಟಗಳಲ್ಲಿ ಅತ್ಯುತ್ತಮ ಎಂಟನ್ನು ಆರಿಸಿ ಸರಾಸರಿ ತೆಗೆದರೆ ಸಿಗುವುದೇ ಹ್ಯಾಂಡಿಕ್ಯಾಪ್.

ಇಲ್ಲಿ ಸ್ವಲ್ಪ ನಿಲ್ಲಿ. ಇಪ್ಪತ್ತರಲ್ಲಿ ಹನ್ನೆರಡು ಆಟಗಳನ್ನು ಈ ಲೆಕ್ಕ ಎಸೆದುಬಿಡುತ್ತದೆ. ಒಂದು ಕುಳಿಯಲ್ಲಿ ಹನ್ನೊಂದು ಹೊಡೆತ ಹೊಡೆದು ಮಾನ ಕಳೆದುಕೊಂಡರೂ ಅದಕ್ಕೊಂದು ಮಿತಿ ಹಾಕಿ, ಮಿಕ್ಕದ್ದನ್ನು ಮರೆಯುತ್ತದೆ. ನನ್ನನ್ನು ಇದುವರೆಗೆ ಅಳೆದ ಸಂಖ್ಯೆಗಳಲ್ಲಿ, ಎಸ್‌ಎಸ್‌ಎಲ್‌ಸಿಯಿಂದ ನೆಟ್‌ವರೆಗೆ, ಕೆಟ್ಟ ದಿನವನ್ನು ಇಷ್ಟು ಉದಾರವಾಗಿ ಬಿಟ್ಟುಕೊಟ್ಟದ್ದು ಇನ್ನೊಂದಿಲ್ಲ. ಒಳ್ಳೆಯ ದಿನ ನೀವು ಏನು ಮಾಡಬಲ್ಲಿರಿ ಎಂದಷ್ಟೇ ಅದು ಕೇಳುತ್ತದೆ. ಆ ಉತ್ತರ ಹಿಡಿದುಕೊಂಡು ನಿಮಗಿಂತ ಎಷ್ಟೋ ಚೆನ್ನಾಗಿ ಆಡುವವರ ಜೊತೆ ನಿಮ್ಮನ್ನು ನಿಲ್ಲಿಸುತ್ತದೆ. ಅವರು ಇಷ್ಟು ಹೊಡೆತ ಬಿಟ್ಟುಕೊಡಲಿ, ಆಮೇಲೆ ನೋಡೋಣ. ಕುಸ್ತಿಯಲ್ಲಿ ತೂಕದ ವಿಭಾಗ ಮಾಡುತ್ತಾರೆ, ಶಾಲಾ ಕ್ರೀಡಾಕೂಟದಲ್ಲಿ ವಯಸ್ಸಿನ ವಿಭಾಗ ಮಾಡುತ್ತಾರೆ. ಅದು ಅಸಮಾನರನ್ನು ಬೇರ್ಪಡಿಸುವ ದಾರಿ. ಹ್ಯಾಂಡಿಕ್ಯಾಪ್ ಅವರನ್ನು ಒಂದೇ ಅಂಕಣದಲ್ಲಿ ಸೇರಿಸುವ ದಾರಿ.

ಸುಳ್ಳು ಹೇಳುವವರಿಲ್ಲವೇ? ಧಾರಾಳವಾಗಿ ಇದ್ದಾರೆ. ಒಂದು ಜಾತಿಯವರು ಒಳ್ಳೆಯ ಸ್ಕೋರು ಮುಚ್ಚಿಟ್ಟು ಕೆಟ್ಟದ್ದನ್ನೇ ದಾಖಲಿಸಿ, ಸಂಖ್ಯೆ ಉಬ್ಬಿಸಿಕೊಂಡು, ಪಂದ್ಯದ ದಿನ ಬಹುಮಾನ ಹೊಡೆಯುತ್ತಾರೆ. ಅಮೆರಿಕದಲ್ಲಿ ಅವರನ್ನು ‘ಸ್ಯಾಂಡ್‌ಬ್ಯಾಗರ್’ ಎನ್ನುತ್ತಾರೆ, ಇಲ್ಲಿ ನೇರವಾಗಿ ‘ಬ್ಯಾಂಡಿಟ್’, ಡಕಾಯಿತ. ಇನ್ನೊಂದು ಜಾತಿಯವರು ತದ್ವಿರುದ್ಧ. ಕೆಟ್ಟ ಸ್ಕೋರು ಮರೆತು, ಹತ್ತಿರದ ಚೆಂಡನ್ನು ಕುಳಿಗೆ ಹಾಕದೆಯೇ ಹಾಕಿದೆನೆಂದು ಬರೆದು, ಸಂಖ್ಯೆಯನ್ನು ಇಳಿಸಿ ಇಳಿಸಿ ಒಂದಂಕಿಗೆ ತಂದು, ಮದುವೆಮನೆಯಲ್ಲಿ ಹೇಳಿಕೊಂಡು ತಿರುಗುತ್ತಾರೆ. ಪದ್ಧತಿಗೆ ಇದೆಲ್ಲ ಗೊತ್ತು. ತನ್ನ ಹ್ಯಾಂಡಿಕ್ಯಾಪ್‌ಗಿಂತ ಏಳು ಅಥವಾ ಹೆಚ್ಚು ಕಡಿಮೆ ಬರುವಂತೆ ಯಾರಾದರೂ ಆಡಿದರೆ ಅವರ ಸಂಖ್ಯೆಯನ್ನು ಅದು ತಾನೇ ಮತ್ತಷ್ಟು ಇಳಿಸುತ್ತದೆ. ಒಂದು ವರ್ಷದ ಕನಿಷ್ಠಕ್ಕಿಂತ ಐದರಷ್ಟು ಮೇಲೆ ಏರಲು ಬಿಡುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಡೆ ಜೊತೆಗಾರ. ಅಮೆರಿಕದಲ್ಲಿ 2016ರಿಂದ ಒಬ್ಬರೇ ಆಡಿದ ಸ್ಕೋರನ್ನು ಹ್ಯಾಂಡಿಕ್ಯಾಪ್‌ಗೆ ಒಪ್ಪುವುದಿಲ್ಲ, ನೋಡಿದವರೊಬ್ಬರು ಬೇಕು. ಸಹ ಆಟಗಾರರು ಸ್ಕೋರನ್ನು ಒಪ್ಪುವ ಅಥವಾ ಪ್ರಶ್ನಿಸುವ ಈ ಪ್ರಕ್ರಿಯೆಗೆ ನಿಯಮಪುಸ್ತಕ ಇಟ್ಟಿರುವ ಹೆಸರು ‘ಪಿಯರ್ ರಿವ್ಯೂ’. ಸಂಶೋಧನಾ ವಿದ್ಯಾರ್ಥಿಗಳಿಗೆ ಈ ಪದ ಕೇಳಿದರೆ ಬೆನ್ನುಹುರಿಯಲ್ಲಿ ಚಳಿ. ಗಾಲ್ಫಿನಲ್ಲಿ ಅದು ಹದಿನೆಂಟು ಕುಳಿ ಜೊತೆಗೆ ನಡೆದ ಮನುಷ್ಯನ ಒಂದು ಸಹಿ, ಅಷ್ಟೇ.

ಅಂದಮೇಲೆ ಈ ಸಂಖ್ಯೆಗೆ ಬೇಕಾದ್ದು ಅಳತೆ ಮಾಡಿದ ಒಂದು ಮೈದಾನ, ಒಂದು ಸ್ಕೋರ್‌ಕಾರ್ಡ್, ಒಬ್ಬ ಸಾಕ್ಷಿ. ಕ್ಲಬ್‌ಹೌಸಿನ ಬಾರು, ಕಾಲರಿಲ್ಲದ ಅಂಗಿ ತೊಟ್ಟವರನ್ನು ಒಳಗೆ ಬಿಡದ ಫಲಕ, ವರ್ಷಗಟ್ಟಲೆ ಕಾಯುವ ಸದಸ್ಯತ್ವದ ಪಟ್ಟಿ, ಇವ್ಯಾವುವೂ ಸೂತ್ರದಲ್ಲಿ ಎಲ್ಲೂ ಬರುವುದಿಲ್ಲ. ಆದರೂ ನಮ್ಮಲ್ಲಿ ಹ್ಯಾಂಡಿಕ್ಯಾಪ್ ಸಾಮಾನ್ಯವಾಗಿ ಸಿಗುವುದು ಕ್ಲಬ್ಬಿನ ಬಾಗಿಲಿನಿಂದಲೇ.

ನನ್ನ ಸೋದರಮಾವ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಮೂವತ್ತು ವರ್ಷಗಳಿಂದ ಕ್ಯಾಡಿ. ಸದಸ್ಯರ ಚೀಲ ಹೊರುವುದು, ಚೆಂಡು ಹುಡುಕುವುದು, ಯಾವ ಕೋಲು ಹಿಡಿಯಬೇಕೆಂದು ಹೇಳುವುದು, ಜೊತೆಗೆ ಸದಸ್ಯರು ಎಷ್ಟು ಹೊಡೆದರು ಎಂದು ಎಣಿಸುವುದು. ಮೈದಾನಕ್ಕೆ ವಾರದ ರಜೆ ಇರುವ ಸೋಮವಾರ ಮಾತ್ರ ಕ್ಯಾಡಿಗಳು ಆಡಬಹುದು. ಯಾರೋ ಬಿಟ್ಟುಕೊಟ್ಟ ಹಳೆಯ ಕೋಲುಗಳನ್ನು ಹಿಡಿದು ನಾಲ್ಕು ನಾಲ್ಕು ಜನ ಆಡುತ್ತಾರೆ. ಒಬ್ಬರ ಸ್ಕೋರು ಇನ್ನೊಬ್ಬರು ಬರೆಯುತ್ತಾರೆ. ಮಾವ ತನ್ನದನ್ನೆಲ್ಲ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಕು ಸಮೇತ ಇಳಿಸಿಕೊಂಡಿದ್ದಾರೆ. ಹೋದ ವರ್ಷ ರಜೆಗೆ ಹೋಗಿದ್ದಾಗ ಅದನ್ನು ನನ್ನ ಮುಂದಿಟ್ಟು, “ನಂದೆಷ್ಟು ಬರುತ್ತೆ, ಲೆಕ್ಕ ಹಾಕು ಮರಿ” ಅಂದರು. ರೇಟಿಂಗು, ಸ್ಲೋಪು ಸ್ಕೋರ್‌ಕಾರ್ಡಿನಲ್ಲೇ ಅಚ್ಚಾಗಿತ್ತು. ಕೊನೆಯ ಇಪ್ಪತ್ತು ಸೋಮವಾರಗಳನ್ನು ತೆಗೆದು, ಎಂಟನ್ನು ಆರಿಸಿ ಕೂಡಿಸಿದೆ.

“ಐದು ಪಾಯಿಂಟ್ ಮೂರು, ಮಾವ.”

“ಸುಳ್ಳು ಹೇಳ್ಬೇಡ.”

“ದೇವರಾಣೆ. ಇನ್ನೊಂದ್ಸಲ ಹಾಕ್ಲಾ?”

ಬೇಡವೆಂದು ತಲೆಯಾಡಿಸಿ, ಆ ಪುಟದ ಕೆಳಗೆ 5.3 ಎಂದು ಬರೆದು ಸುತ್ತು ಹಾಕಿದರು. ಆಮೇಲೆ ಕೇಳಿದರು: “ಸರಿ. ಇದನ್ನ ಎಲ್ಲಿ ಬರೆಸ್ಬೇಕು?”

ಎಲ್ಲೂ ಇಲ್ಲ. ಕ್ಲಬ್ಬಿನ ಕಂಪ್ಯೂಟರಿನಲ್ಲಿ ಮಾವ ಎಣಿಸಿ ಹೇಳಿದ ಸದಸ್ಯರ ಸ್ಕೋರುಗಳು ವರ್ಷಗಟ್ಟಲೆ ಕೂತಿವೆ. ಎಣಿಸಿದವರ ಹೆಸರಿನಲ್ಲಿ ಒಂದು ಸಾಲೂ ಇಲ್ಲ. ಗಲ್ಲಿಯ ಆಟದಲ್ಲಿ ಚಿಕ್ಕ ಮಕ್ಕಳನ್ನು ಅಳಬಾರದೆಂದು ಸೇರಿಸಿಕೊಂಡು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಅನ್ನುತ್ತೇವಲ್ಲ, ಅದೇ. ವ್ಯತ್ಯಾಸವೆಂದರೆ ಇಲ್ಲಿ ಲೆಕ್ಕಕ್ಕಿಲ್ಲದವರು ಲೆಕ್ಕದಲ್ಲಿರುವ ಬಹುಪಾಲು ಜನರಿಗಿಂತ ಚೆನ್ನಾಗಿ ಆಡುತ್ತಾರೆ.

ಇನ್ನು ನನ್ನ ಕಥೆ. ಎಡಿನ್‌ಬರೋದಲ್ಲಿ ವಿಶ್ವವಿದ್ಯಾಲಯದ ಪಕ್ಕದ ಮೆಡೋಸ್ ದಾಟಿದರೆ ಬ್ರಂಟ್ಸ್‌ಫೀಲ್ಡ್ ಲಿಂಕ್ಸ್. ಪುಟ್ಟ ಪುಟ್ಟ ಕುಳಿಗಳ ಸಾರ್ವಜನಿಕ ಮೈದಾನ, ಆಡಲು ದುಡ್ಡು ಕೊಡಬೇಕಾಗಿಲ್ಲ. ನಾನು ಕಲಿತದ್ದು ಅಲ್ಲಿ. ಅಲ್ಲಿ ಜನ ಹೆಚ್ಚಾದರೆಂದು ಊರಿನ ಆಡಳಿತವೇ 1889ರಲ್ಲಿ ಬ್ರೇಡ್ ಹಿಲ್ಸ್ ಮೇಲೆ ದೊಡ್ಡ ಮೈದಾನ ತೆರೆಯಿತು. ಅಲ್ಲಿ ನನ್ನ ಜೊತೆ ಆಡುವವರಲ್ಲಿ ಒಬ್ಬರು ನಿವೃತ್ತ ಬಸ್ ಚಾಲಕರು, ಒಬ್ಬರು ಪ್ಲಂಬರ್. ನಾನು ಯಾವ ಕ್ಲಬ್ಬಿಗೂ ಸೇರಿಲ್ಲ. ಕ್ಲಬ್ಬಿಲ್ಲದವರಿಗೆಂದೇ ಇಲ್ಲಿನ ರಾಷ್ಟ್ರೀಯ ಸಂಸ್ಥೆ ನಡೆಸುವ ಯೋಜನೆಗೆ ಸಣ್ಣ ಚಂದಾ ಕಟ್ಟಿ ಹ್ಯಾಂಡಿಕ್ಯಾಪ್ ಪಡೆದಿದ್ದೇನೆ: 27.4. ಮೂರು ವರ್ಷದಿಂದ ಹುಲ್ಲು ಕೀಳುತ್ತಿರುವ ನನ್ನ ಈ ಸಂಖ್ಯೆಗೆ ಸೇಂಟ್ ಆಂಡ್ರ್ಯೂಸಿನ ಓಲ್ಡ್ ಕೋರ್ಸಿನಲ್ಲೂ ಬೆಲೆಯುಂಟು. ಮೂವತ್ತು ವರ್ಷದ ಅನುಭವದ 5.3ಕ್ಕೆ ನೋಟ್‌ಬುಕ್ಕಿನಾಚೆ ಬೆಲೆಯಿಲ್ಲ. ನಾವಿಬ್ಬರೂ ಆಡಿದರೆ ಮಾವ ನನಗೆ ಇಪ್ಪತ್ತೆರಡು ಹೊಡೆತ ಬಿಟ್ಟುಕೊಡಬೇಕು. ಆದರೂ ಹ್ಯಾಂಡಿಕ್ಯಾಪ್ ಕೇಳುವ ಹವ್ಯಾಸಿ ಪಂದ್ಯಾವಳಿಯ ಅರ್ಜಿಯನ್ನು ನಾನು ತುಂಬಬಹುದು, ಅವರು ತುಂಬುವಂತಿಲ್ಲ.

ಇದಕ್ಕೆ ಕ್ಲಬ್ಬಿನವರ ಒಂದು ಸಿದ್ಧ ಉತ್ತರವಿದೆ: “ಪ್ರತಿಭೆ ಇದ್ದವರನ್ನು ಯಾರೂ ತಡೆದಿಲ್ಲ.” ಉದಾಹರಣೆಗಳನ್ನೂ ಕೊಡುತ್ತಾರೆ. ದೆಹಲಿಯಲ್ಲಿ ಕ್ಯಾಡಿಯಾಗಿದ್ದ ಅಲಿ ಶೇರ್ 1991ರಲ್ಲಿ ಇಂಡಿಯನ್ ಓಪನ್ ಗೆದ್ದರು. ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ, ಅವರೂ ಕ್ಯಾಡಿಯಾಗಿದ್ದವರು, 2009ರಲ್ಲಿ ಅದೇ ಪ್ರಶಸ್ತಿ ಗೆದ್ದರು. ಇಬ್ಬರಿಗೂ ನನ್ನ ನಮಸ್ಕಾರ. ಆದರೆ ಈ ಉತ್ತರ ಪ್ರಶ್ನೆಯನ್ನೇ ತಿರುಚುತ್ತದೆ. ವೃತ್ತಿಪರರಿಗೆ ಹ್ಯಾಂಡಿಕ್ಯಾಪ್ ಬೇಕಾಗಿಯೇ ಇಲ್ಲ. ಅವರು ಯಾರಿಂದಲೂ ಹೊಡೆತ ಪಡೆಯದೆ ಆಡುತ್ತಾರೆ. ಹ್ಯಾಂಡಿಕ್ಯಾಪ್ ಇರುವುದು ಅಷ್ಟೇನೂ ಪ್ರತಿಭೆ ಇಲ್ಲದವರಿಗೆ, ವಾರಕ್ಕೊಮ್ಮೆ ಆಡಿ ಮನೆಗೆ ಹೋಗುವವರಿಗೆ. ಬ್ಯಾಂಕಿನ ನಿವೃತ್ತ ಅಧಿಕಾರಿ 24 ಇಟ್ಟುಕೊಂಡು ಸಂತೋಷವಾಗಿ ಸಾಧಾರಣ ಆಟಗಾರರಾಗಿರಬಹುದು. ಕ್ಯಾಡಿಗೆ ಮಾತ್ರ ಎರಡೇ ದಾರಿ: ಇಂಡಿಯನ್ ಓಪನ್ ಗೆಲ್ಲು, ಇಲ್ಲ ಚೀಲ ಹೊರು. ಸಾಧಾರಣವಾಗಿ ಆಡುವ ಹಕ್ಕೂ ಸದಸ್ಯತ್ವದ ಜೊತೆಗೇ ಮಾರಾಟವಾಗುತ್ತದೆ.

ಹೊರಗಿನವರಿಗೆ ಕೊಟ್ಟರೆ ಸಂಖ್ಯೆಯ ಶುದ್ಧಿ ಕೆಡುತ್ತದೆ ಎನ್ನುವವರೂ ಇದ್ದಾರೆ. ಮೇಲೆ ಹೇಳಿದ ಎರಡೂ ಜಾತಿಯ ಸುಳ್ಳುಗಾರರು ಕ್ಲಬ್ಬಿನ ಒಳಗೇ ಹುಟ್ಟಿ ಬೆಳೆದವರು ಎಂಬುದನ್ನು ಇವರು ಮರೆತಂತಿದೆ. ಇಂಗ್ಲೆಂಡಿನಲ್ಲಿ 2021ರಲ್ಲಿ ಕ್ಲಬ್ಬಿಲ್ಲದವರಿಗೆ ‘ಐಗಾಲ್ಫ್’ ಎಂಬ ಯೋಜನೆ ತಂದಾಗಲೂ ಕ್ಲಬ್ಬುಗಳವರು ಗೊಣಗಿದ್ದರು. ಯೋಜನೆ ನಿಂತಿಲ್ಲ, ಹ್ಯಾಂಡಿಕ್ಯಾಪ್ ಪದ್ಧತಿಯೂ ಕುಸಿದುಬಿದ್ದಿಲ್ಲ. ಅವರ ನಿಜವಾದ ಅಂಜಿಕೆ ಬೇರೆ ಇರಬೇಕೆಂದು ನನ್ನ ಗುಮಾನಿ. ಸಂಖ್ಯೆ ಎಲ್ಲರಿಗೂ ಸಿಕ್ಕರೆ, ಚೀಲ ಹೊರುವವರದು 5.3, ಹೊರಿಸುವವರದು 22 ಎಂಬುದು ನೋಟಿಸ್ ಬೋರ್ಡಿನಲ್ಲಿ ಅಕ್ಕಪಕ್ಕ ಕಾಣುತ್ತದೆ.

ಸಂಖ್ಯೆಯೊಂದು ಪ್ರತಿಷ್ಠೆಯ ಬಿಲ್ಲೆಯಾದಾಗ ಏನಾಗುತ್ತದೆಂದು ನಮ್ಮ ವಿಶ್ವವಿದ್ಯಾಲಯಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಸೂಚಿಸಿದರು, 2010ರಲ್ಲಿ ಯುಜಿಸಿ ಎಪಿಐ ಅಂಕಗಳನ್ನು ತಂದಿತು. ಆಮೇಲೆ ಅಂಕಕ್ಕಾಗಿಯೇ ಅಚ್ಚಾದ ಪ್ರಬಂಧಗಳ ರಾಶಿಯನ್ನು ಯಾರೂ ಓದಬೇಕಾಗಲಿಲ್ಲ. ಅವು ಮೊದಲಿನಿಂದಲೂ ಮೇಲುಕೀಳು ಹೇಳಲೆಂದೇ ಬಂದ ಸಂಖ್ಯೆಗಳು, ಹೋಗಲಿ. ಹ್ಯಾಂಡಿಕ್ಯಾಪ್ ಹಾಗೆ ಬಂದದ್ದಲ್ಲ.

ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಒಂದೂವರೆ ಶತಮಾನ ಕಾದದ್ದು ಸಾಕು. ಮೈದಾನಗಳಿಗೆ ರೇಟಿಂಗ್ ಆಗಿದೆ, ಸೂತ್ರ ಫೋನಿನಲ್ಲಿದೆ, ಸೋಮವಾರ ನಾಲ್ಕು ಜನ ಒಬ್ಬರಿಗೊಬ್ಬರು ಸಹಿ ಹಾಕಲು ಸಿದ್ಧರಿದ್ದಾರೆ. ಹ್ಯಾಂಡಿಕ್ಯಾಪ್ ಪಡೆಯಲು 54 ಕುಳಿ ಆಡಿದ ದಾಖಲೆ ಸಾಕು. ಅಂದರೆ ಮೂರು ಸೋಮವಾರ. ಕ್ಯಾಡಿಗಳ ಸಂಘವನ್ನೇ ಒಂದು ಗಾಲ್ಫ್ ಕ್ಲಬ್ ಎಂದು ನೋಂದಾಯಿಸಿ, ಸ್ವಂತ ಮೈದಾನ ಇಲ್ಲದ ಕ್ಲಬ್ಬುಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಚಂದಾ ಇರಲಿ, ಆದರೆ ಅದು ಕ್ಯಾಡಿಯ ಒಂದು ದಿನದ ಕೂಲಿ ಮೀರದಿರಲಿ. ಮತ್ತು ಸೋಮವಾರದ ಜೊತೆಗೆ ಇನ್ನೊಂದು ದಿನ ಕೊಡಿ, ಏಕೆಂದರೆ ಮಳೆಗಾಲದಲ್ಲಿ ಸೋಮವಾರಗಳು ಸುಮ್ಮನೆ ಕೊಚ್ಚಿಹೋಗುತ್ತವೆ.