ಸೋತ ಬೋರುಗಳ ಲೆಕ್ಕ ಇಟ್ಟವರಾರು?

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಎಂಜಿನಿಯರ್ ಆಗಿ ನೀರಿನ ಕೆಲಸ ಮಾಡಿದವನು ನಾನು. ಆದರೂ ಕೊಪ್ಪಳ ಜಿಲ್ಲೆಯ ನಮ್ಮ ಹೊಲದಲ್ಲಿ ಬೋರ್‌ವೆಲ್ ಹಾಕಿಸುವಾಗ ನಮ್ಮಣ್ಣ ನನ್ನನ್ನು ಕೇಳಲಿಲ್ಲ. ನೀರು ನೋಡುವವರನ್ನು ಕರೆಸಿದರು. ಅಂಗೈ ಮೇಲೆ ಮಲಗಿದ್ದ ತೆಂಗಿನಕಾಯಿ ಒಂದು ಕಡೆ ಎದ್ದು ನಿಂತಿತು. ಅಲ್ಲಿ ಕೊರೆದಾಗ ಎರಡು ಇಂಚು ನೀರು ಬಂತು. ಸೇರಿದವರೆಲ್ಲ ಕೈಮುಗಿದರು. ನಿಜ ಹೇಳುತ್ತೇನೆ, ನಾನೂ ಮುಗಿದೆ.

ಎರಡು ಬೇಸಿಗೆಗೆ ಆ ಬೋರ್ ಬತ್ತಿತು. ಅದೇ ವಿಧಾನದಿಂದ ಗುರುತಿಸಿದ ಇನ್ನೆರಡು ಕಡೆ ಬಂದದ್ದು ಬರೀ ಧೂಳು. ಉಳಿದದ್ದು ಸಾಲ. ಆದರೆ ಊರಿನಲ್ಲಿ ಇಂದಿಗೂ ಹೇಳುವುದು ಮೊದಲ ಬೋರಿನ ಕತೆಯನ್ನೇ. ಉಳಿದೆರಡಕ್ಕೆ ‘ನಮ್ಮ ಹಣೆಬರಹ’ ಎನ್ನುತ್ತಾರೆ.

ನೀರು ನೋಡುವವರೆಲ್ಲ ಮೋಸಗಾರರಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್, ಕೈಯಲ್ಲಿ ಹಿಡಿದ ದಾರದ ತುದಿಯ ತೂಕ ತಾನಾಗಿಯೇ ತೂಗುವಂತೆ ಕಾಣುವುದೇಕೆಂದು ಪರೀಕ್ಷಿಸಿದ್ದರು. ಕಣ್ಣು ಕಟ್ಟಿಕೊಂಡಾಗ ತೂಗಾಟ ನಿಂತಿತು. ತೂಗುತ್ತಿದ್ದುದು ತನ್ನದೇ ಕೈ, ತನಗೇ ಗೊತ್ತಾಗದಂತೆ ಎಂದು ಅವರು 1833ರಲ್ಲಿ ಪ್ರಕಟಿಸಿದರು. ತೆಂಗಿನಕಾಯಿ ಹಿಡಿದ ಕೈಯೂ ಹಾಗೆಯೇ.

ಹಾಗಾದರೆ ನೀರು ಬಂದದ್ದು ಹೇಗೆ? ನಮ್ಮದು ಗಟ್ಟಿ ಬಂಡೆಯ ನೆಲ. ಮೇಲಿನ ಶಿಥಿಲ ಕಲ್ಲಿನ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ ನೀರಿರುತ್ತದೆ. ಹತ್ತು ಕಡೆ ಕೊರೆದರೆ ಆರು ಕಡೆ ನೀರು ಸಿಗುವ ಊರು ಎಂದುಕೊಳ್ಳಿ. ಅಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದು ಜಾಗ ಆರಿಸಿದವನೂ ಹತ್ತರಲ್ಲಿ ಸುಮಾರು ಆರು ಸಲ ಗೆಲ್ಲುತ್ತಾನೆ. ಅವನ ಗೆಲುವು ಜಾತ್ರೆಯಲ್ಲಿ ಮಾತಾಗುತ್ತದೆ. ಸೋಲು ಹೊಲದಲ್ಲೇ ಮಣ್ಣಾಗುತ್ತದೆ.

ಇದು ದಡ್ಡತನವಲ್ಲ. ಭೂವಿಜ್ಞಾನಿ ಉಪಕರಣದಿಂದ ಅಳೆದು ‘ಸಿಗಬಹುದು’ ಎನ್ನುತ್ತಾನೆ. ಕಾಯಿ ಹಿಡಿದವನು ‘ಇಲ್ಲೇ ಇದೆ’ ಎನ್ನುತ್ತಾನೆ. ಹೆಂಡತಿಯ ಬಳೆ ಅಡವಿಡುವವನಿಗೆ ‘ಬಹುದು’ ಸಾಲದು, ಅವನಿಗೆ ಭರವಸೆ ಬೇಕು. ವಿಜ್ಞಾನ ಸೋಲುವುದು ಇಲ್ಲಿ. ಅದು ಸುಳ್ಳು ಭರವಸೆ ಕೊಡಲಾರದು. ನಾನು ವೇದಿಕೆಗಳಲ್ಲಿ ಮೂಢನಂಬಿಕೆಯ ವಿರುದ್ಧ ಮಾತಾಡಿದೆ. ಆದರೆ ಅಣ್ಣನ ಪಕ್ಕ ಕೂತು, ‘ನೀರು ಬರದಿದ್ದರೆ ಎಷ್ಟು ಸಾಲ ತಡೆಯಬಲ್ಲೆ?’ ಎಂದು ಒಮ್ಮೆಯೂ ಕೇಳಲಿಲ್ಲ. ಆ ತಪ್ಪು ನನ್ನದು.

ಶಕುನ, ಮುಹೂರ್ತಗಳನ್ನು ಶರಣರು ಒಪ್ಪಲಿಲ್ಲ. ಕೇಳುವುದಕ್ಕೂ ಹೇಳುವುದಕ್ಕೂ ಅನುಭವ ಮಂಟಪದಲ್ಲಿ ಎಲ್ಲರಿಗೂ ಜಾಗವಿತ್ತು. ನಮ್ಮ ಮಠಗಳಿಗೆ ನನ್ನದೊಂದು ಅರಿಕೆ: ದಾಸೋಹದ ಮನೆಯಲ್ಲಿ ಒಂದು ಪುಸ್ತಕ ಇಡಿ. ಊರಿನ ಪ್ರತಿ ಬೋರಿನ ಜಾಗ ತೋರಿಸಿದ ವಿಧಾನ, ಆಳ, ಬಂದ ನೀರು, ಬತ್ತಿದ ವರ್ಷ ಎಲ್ಲವನ್ನೂ ಬರೆಯಿರಿ. ಸೋತವನ್ನು ಬಿಡಬೇಡಿ. ಐದು ವರ್ಷ ಬರೆದರೆ ಯಾರೂ ಭಾಷಣ ಮಾಡಬೇಕಿಲ್ಲ, ಪುಸ್ತಕವೇ ಹೇಳುತ್ತದೆ.

ಮೊದಲ ಮೂರು ಸಾಲು ನಾನೇ ಬರೆಯುತ್ತೇನೆ.