ಮಡಿಕೇರಿ ಮಳೆಯಲ್ಲಿ ಗೆಕ್ಕೊ ಸಾಕುವುದಾದರೆ

ನಮ್ಮ ಕ್ಲಾಸಿನ ಕೆಲವರಿಗೆ ಈಗ ಲೆಪರ್ಡ್ ಗೆಕ್ಕೊ ಸಾಕುವ ಆಸೆ. ನಮ್ಮ ಮನೆಯಲ್ಲಿ ಛಿಪ್‌ಕಲಿ ಕಂಡರೆ ಅಮ್ಮಿ ಪೊರಕೆ ಹುಡುಕುತ್ತಾರೆ, ಅದು ಬೇರೆ ಮಾತು. ಆಸೆ ತಪ್ಪಲ್ಲ. ಆದರೆ ಕೊಡಗಿನಲ್ಲಿ ಇದನ್ನು ಸಾಕುವವರು ಮೊದಲು ಕರೆಂಟಿನ ಬಗ್ಗೆ ಯೋಚಿಸಬೇಕು.

ಇದು ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆಯ ಒಣ ಕಲ್ಲುನೆಲದ ಜೀವಿ. ನಮ್ಮ ಹಾಗೆ ಮೈಯೊಳಗೆ ಬಿಸಿ ಹುಟ್ಟಿಸಿಕೊಳ್ಳಲಾರದು. ಗಾಜಿನ ಪೆಟ್ಟಿಗೆಯ ಒಂದು ಬದಿಯ ನೆಲ ಸುಮಾರು 32 ಡಿಗ್ರಿ, ಇನ್ನೊಂದು ಬದಿ 25ರ ಆಸುಪಾಸು ಇದ್ದರೆ ಬೇಕಾದ ಕಡೆ ಹೋಗಿ ಮಲಗುತ್ತದೆ. ಚಳಿಯಾದರೆ ತಿಂದ ಹುಳ ಅರಗುವುದಿಲ್ಲ. ಮಡಿಕೇರಿಯಲ್ಲಿ ಜುಲೈ ತಿಂಗಳ ಹಗಲೇ 20 ಡಿಗ್ರಿ ಸುತ್ತಮುತ್ತ!

ಕಾಮರ್ಸ್ ಓದುವುದರಿಂದ ಲೆಕ್ಕ ಹಾಕಿ ನೋಡಿದೆ. 16 ವ್ಯಾಟಿನ ಹೀಟ್ ಮ್ಯಾಟ್ ಹಗಲೂ ರಾತ್ರಿ ಓಡಿದರೂ ತಿಂಗಳಿಗೆ 12 ಯೂನಿಟ್ ದಾಟುವುದಿಲ್ಲ. ಬಿಲ್ ದೊಡ್ಡದಲ್ಲ. ಥರ್ಮೋಸ್ಟ್ಯಾಟ್ ಇಲ್ಲದಿದ್ದರೆ ಮಾತ್ರ ಮ್ಯಾಟ್ ಅತಿಯಾಗಿ ಕಾದು ಹೊಟ್ಟೆಯ ಚರ್ಮ ಸುಡಬಹುದು, ದುಡ್ಡು ಉಳಿಸಲು ಹೋಗುವುದು ಅದರಲ್ಲೇ. ಇನ್ನು ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ? ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಬಹುದು. ಆರಿದ ಹಾಗೆಲ್ಲ ಬದಲಾಯಿಸುತ್ತಿರಬೇಕು, ನಡುರಾತ್ರಿಯೂ. ಮನೆಯಲ್ಲಿ ಇನ್ವರ್ಟರ್ ಇಲ್ಲ, ರಾತ್ರಿ ಏಳುವವರೂ ಇಲ್ಲ ಎಂದಾದರೆ ಗೆಕ್ಕೊ ತರಬೇಡಿ. ಗೆಳೆಯರ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಡುವುದಂತೂ ಬೇಡವೇ ಬೇಡ.