ಕಮಲಾಪುರದ ಹೆಸರು ಎಲ್ಲಿ ಹೋಯಿತು?

ಬಸ್ಸಿನ ಬೋರ್ಡಿನ ಮೇಲೆ ಕಲಬುರಗಿ, ಚುನಾವಣಾ ಆಯೋಗದ ಕಡತದಲ್ಲಿ ಗುಲ್ಬರ್ಗಾ! 2014ರಲ್ಲಿ ಊರಿನ ಹೆಸರು ಬದಲಾದರೂ ಲೋಕಸಭಾ ಮತಕ್ಷೇತ್ರ ಹಳೇ ಹೆಸರಿನಲ್ಲೇ ನಡೆದಿದೆ. ಇರಲಿ, ಹಳೇದಾದರೂ ಒಂದು ಹೆಸರು ಉಂಟಲ್ಲ. ಕಮಲಾಪುರದವರಿಗೆ ಅದೂ ಇಲ್ಲ ನೋಡ್ರಿ.

ಈ ಮತಕ್ಷೇತ್ರದ ಇತಿಹಾಸ ದೊಡ್ಡವರ ಇತಿಹಾಸ. 1952ರಲ್ಲಿ, ನಾವಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, ಇಲ್ಲಿಂದ ಆರಿಸಿ ಹೋದವರು ಸ್ವಾಮಿ ರಮಾನಂದ ತೀರ್ಥರು. ಆಮೇಲೆ ಮಹಾದೇವಪ್ಪ ರಾಂಪೂರೆಯವರು ಮೂರು ಸಲ. 1980ರ ಕತೆಯಂತೂ ಇವತ್ತಿಗೂ ಕಟ್ಟೆಯ ಮೇಲಿನ ಮಾತು. ಜನವರಿಯಲ್ಲಿ ಮಂದಿ ಧರಂಸಿಂಗರಿಗೆ ಓಟು ಹಾಕಿ ಗೆಲ್ಲಿಸಿದರು. ಅವರು ರಾಜೀನಾಮೆ ಕೊಟ್ಟು ಜಾಗ ಬಿಟ್ಟರು. ಯಾರಿಗೆ? ದಿಲ್ಲಿಯಲ್ಲಿ ವಾಜಪೇಯಿಯವರೆದುರು ಸೋತಿದ್ದ ಕೇರಳದ ಸಿ.ಎಂ. ಸ್ಟೀಫನ್ನರಿಗೆ! ಅವರು ಉಪಚುನಾವಣೆಯಲ್ಲಿ ಗೆದ್ದು ಕೇಂದ್ರದ ಸಂಪರ್ಕ ಸಚಿವರೂ ಆದರು. ಇದನ್ನು ಮತದಾರನ ಉದಾರ ಮನಸ್ಸು ಎನ್ನಬೇಕೋ, ಅವನನ್ನು ಯಾರೂ ಕೇಳಲೇ ಇಲ್ಲ ಎನ್ನಬೇಕೋ? ನಮಗಂತೂ ಎರಡನೆಯದೇ ಸರಿ ಎನಿಸುತ್ತದೆ.

1984ರಲ್ಲಿ ವೀರೇಂದ್ರ ಪಾಟೀಲರು, ಅನಂತರ ಎರಡು ಸಲ ಬಿ.ಜಿ. ಜವಳಿ. ಕಾಂಗ್ರೆಸ್ ಕೋಟೆಗೆ ಬಿರುಕು ಬಿದ್ದದ್ದು 1996ರಲ್ಲಿ, ಜನತಾದಳದ ಖಮರುಲ್ ಇಸ್ಲಾಂರಿಂದ. 1998ರಲ್ಲಿ ಭಾಜಪದ ಬಸವರಾಜ ಪಾಟೀಲ ಸೇಡಂ. 2009ರಲ್ಲಿ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿ ಮಲ್ಲಿಕಾರ್ಜುನ ಖರ್ಗೆ ಬಂದರು. ಸೋಲೇ ಕಾಣದ ಅವರನ್ನು 2019ರಲ್ಲಿ ಉಮೇಶ ಜಾಧವ 95 ಸಾವಿರಕ್ಕೂ ಹೆಚ್ಚು ಮತಗಳಿಂದ ಕೆಡವಿದರು. 2024ರಲ್ಲಿ ಖರ್ಗೆಯವರ ಅಳಿಯ ರಾಧಾಕೃಷ್ಣ ದೊಡ್ಡಮನಿ ಅದನ್ನು ಮರಳಿ ಗೆದ್ದರು.

ಈ ಗದ್ದಲದ ನಡುವೆ ಕಮಲಾಪುರದ ವಿಧಾನಸಭಾ ಕ್ಷೇತ್ರವೇ ಮಾಯವಾಯಿತು. ರೇವೂ ನಾಯಕ ಬೆಳಮಗಿಯವರು ಆರಿಸಿ ಹೋಗುತ್ತಿದ್ದ ಆ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಅಳಿದು, ಊರು ಗುಲ್ಬರ್ಗಾ ಗ್ರಾಮೀಣದೊಳಗೆ ಸೇರಿತು. ತಮಾಷೆ ಏನೆಂದರೆ, ಅದಾಗಿ ಹತ್ತು ವರ್ಷದ ಆಸುಪಾಸಿನಲ್ಲಿ ಕಮಲಾಪುರ ತಾಲೂಕಾಯಿತು! 2017ರಲ್ಲಿ ಬೀದರ್ ರೈಲೂ ಆ ಊರ ಮೇಲಿಂದಲೇ ಓಡತೊಡಗಿತು. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಹಣ್ಣಿಗೆ ಊರ ಹೆಸರುಂಟು, ಹಣ್ಣು ಬೆಳೆಯುವವನ ಕ್ಷೇತ್ರಕ್ಕಿಲ್ಲ. ಅದೇ ಜಿಲ್ಲೆಯ ಆಳಂದ, ಚಿಂಚೋಳಿಯವರು ಬೀದರಿನ ಸಂಸದರಿಗೆ ಓಟು ಹಾಕಬೇಕು. ಯಾದಗಿರಿ ಜಿಲ್ಲೆಯ ಗುರುಮಠಕಲ್ಲಿನವರು ನಮ್ಮ ಸಂಸದರಿಗೆ. ಗೆರೆ ಎಳೆದವರ ಲೆಕ್ಕ ಅವರಿಗೇ ಗೊತ್ತು.

ಕೆಲಸದ ಮಾತು ಇಷ್ಟೇ. 2027ರ ಜನಗಣತಿಯ ಅಂಕಿ ಬಂದ ಮೇಲೆ ಹೊಸ ಪುನರ್ವಿಂಗಡಣೆಗೆ ಸಂವಿಧಾನದ ತಡೆ ಇರುವುದಿಲ್ಲ. ಹಿಂದಿನ ಆಯೋಗ ಕರಡು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಿತ್ತು, ಮುಂದಿನದೂ ಕೇಳಬೇಕು. ತಾಲೂಕಿನ ಜನಸಂಖ್ಯೆ ಒಂದೇ ಸಾಲದಿದ್ದರೆ ಅಕ್ಕಪಕ್ಕದ ಹಳ್ಳಿ ಕೂಡಿಸಲಿ, ಹೆಸರು ಮಾತ್ರ ಕಮಲಾಪುರ ಅಂತಿರಲಿ. ಹುಮನಾಬಾದ್ ರಸ್ತೆಯ ಅಂಗಡಿಕಾರರು, ದಿನಾ ಬಸ್ಸಿಗೆ ನಿಲ್ಲುವವರು ಈಗಲೇ ಹಳ್ಳಿಗಳ ಪಟ್ಟಿ, ನಕಾಶೆ ಹಿಡಿದು ಕೂತರೆ, ಕರಡು ಬಂದ ದಿನವೇ ಅರ್ಜಿ ಕೊಡಬಹುದು.